ಕಪ್ಪೆಮರಿ ಬೇರೆ, ಗೊದಮೊಟ್ಟೆ ಬೇರೆ

'ಗೊದಮೊಟ್ಟೆ' ಎಂಬ ಮಾತನ್ನು ಇನ್ನು ಕೈಬಿಡೋಣ ಎನ್ನುವವರ ವಾದ ನನಗೆ ಬಾಯಿಪಾಠವಾಗಿದೆ. ಅದು ಹಳ್ಳಿಯ ಮಾತಂತೆ. ಅಂಧೇರಿ, ಡೊಂಬಿವಲಿಗಳ ಫ್ಲ್ಯಾಟುಗಳಲ್ಲಿ ಬೆಳೆಯುವ ಮಗುವಿಗೆ ತಲೆಬುಡ ತಿಳಿಯುವುದಿಲ್ಲವಂತೆ. ಮೇಲಾಗಿ ಅದರೊಳಗೆ 'ಮೊಟ್ಟೆ' ಕೂತಿದೆ. ಬಾಲ ಬೀಸಿ ಈಜುವ ಜೀವಿಯನ್ನು ಮೊಟ್ಟೆ ಎನ್ನುವುದು ಶುದ್ಧ ತಪ್ಪಂತೆ. ಅದರ ಬದಲು 'ಕಪ್ಪೆಮರಿ' ಎಂದರೆ ಸಲೀಸು, 'ಟ್ಯಾಡ್‌ಪೋಲ್' ಎಂದರೆ ವೈಜ್ಞಾನಿಕ. ಹೀಗೆನ್ನುವವರಲ್ಲಿ ಕನ್ನಡ ಮಾಧ್ಯಮದ ಮೇಷ್ಟ್ರುಗಳಿದ್ದಾರೆ, ಅನುವಾದಕರಿದ್ದಾರೆ, ಮಕ್ಕಳಿಗಾಗಿ ಬರೆಯುವ ನನ್ನ ಗೆಳೆಯರೂ ಇದ್ದಾರೆ. ಮುಂಬಯಿಯಲ್ಲಿ ಕನ್ನಡ ಕಲಿಸುವುದು ಎಷ್ಟು ಕಷ್ಟದ ಕೆಲಸ ಎಂದು ಬಲ್ಲವನಾದ್ದರಿಂದ ಅವರ ಕಾಳಜಿಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ವಾದ ಬುಡದಲ್ಲೇ ಸೊಟ್ಟಗಿದೆ. ಅವರು ಬಿಡಬೇಕೆನ್ನುವ ಪದ ಅವರು ತರಬೇಕೆನ್ನುವ ಪದಕ್ಕಿಂತ ಹೆಚ್ಚು ನಿಖರವಾದದ್ದು. ತರಬೇಕೆನ್ನುವ ಪದವೂ ಒಳ್ಳೆಯದೇ, ಆದರೆ ಅದು ಸಲ್ಲಬೇಕಾದ್ದು ಬೇರೊಂದು ಜೀವಿಗೆ.

ಮೊದಲು 'ಮೊಟ್ಟೆ'ಯ ತಕರಾರು. ಸಮಾಸವನ್ನು ಕತ್ತರಿಸಿ, ಸಿಕ್ಕ ತುಂಡಿನಿಂದ ಇಡೀ ಪದದ ಅರ್ಥ ಹೇಳುವ ಚಟ ನಮ್ಮಲ್ಲಿ ಬಲವಾಗಿದೆ. ಆ ಲೆಕ್ಕದಲ್ಲಿ ಕಪ್ಪೆಚಿಪ್ಪಿನೊಳಗೆ ಕಪ್ಪೆ ಇರಬೇಕಿತ್ತು, ಕಂಬಳಿಹುಳು ಕಂಬಳಿ ಹೊದೆಯಬೇಕಿತ್ತು. 'ಗೊದ' ಎಂಬ ಮೊದಲ ಭಾಗ ನಮ್ಮ ಆಡುಮಾತಿನಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ. ಹಾಗಾಗಿ ಕೇಳಿದವರು ಗೊತ್ತಿರುವ ಅರ್ಧವನ್ನೇ ಪೂರ್ತಿ ಎಂದುಕೊಂಡು, ಇದು ಕಪ್ಪೆಯ ಮೊಟ್ಟೆಗೆ ಹೇಳುವ ಮಾತು, ಹಳ್ಳಿಯವರು ಮರಿಗೂ ಅದನ್ನೇ ಅಂಟಿಸಿಬಿಟ್ಟರು ಎಂದು ತೀರ್ಪು ಕೊಡುತ್ತಾರೆ. ಹಳ್ಳಿಯವರಿಗೆ ಮೊಟ್ಟೆ ಯಾವುದು, ಈಜುವುದು ಯಾವುದು ಎಂದು ಗೊತ್ತಿರಲಿಲ್ಲ ಎಂಬ ನಂಬಿಕೆ ಈ ತೀರ್ಪಿನ ಒಳಗೇ ಇದೆ. ಮಳೆ ಬಿದ್ದ ಮರುದಿನ ಗದ್ದೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಲ್ಲುತ್ತಿದ್ದವರ ಬಗ್ಗೆ ಈ ಮಾತು! ಮುಂಬಯಿಯ ಕನ್ನಡದಲ್ಲಿ ಇನ್ನೊಂದು ತಮಾಷೆಯೂ ಇದೆ. ವಿಜಯಪುರ, ಕಲಬುರಗಿ, ಸೊಲ್ಲಾಪುರದ ಕಡೆಯಿಂದ ಬಂದವರ ಮನೆಯಲ್ಲಿ ಕೋಳಿ ಇಡುವುದು ತತ್ತಿ. ತುಳುವರ ಮನೆಯಲ್ಲಿ ಅದು ತೆತ್ತಿ. 'ಮೊಟ್ಟೆ' ಕೇಳಿದೊಡನೆ ಮಗು ಗೊಂದಲಕ್ಕೆ ಬೀಳುತ್ತದೆ ಎಂಬ ಭಯ ಈ ಊರಿನ ಅರ್ಧ ಕನ್ನಡಿಗರ ಮಟ್ಟಿಗೆ ಹುಟ್ಟುವುದೇ ಇಲ್ಲ.

ಹಾಗಾದರೆ ಆ 'ಮೊಟ್ಟೆ' ಅಲ್ಲೇಕೆ? ನನ್ನ ಓದು ಹೀಗಿದೆ. ಜುಲೈ ತಿಂಗಳಲ್ಲಿ ಆರೆ ಕಾಲೊನಿಯ ಯಾವುದಾದರೂ ಗುಂಡಿಯ ಪಕ್ಕ ಬಗ್ಗಿ ನೋಡಿ. ನೆಲಗಪ್ಪೆಯ ಗೊದಮೊಟ್ಟೆಗಳು ಕಪ್ಪಗೆ, ನೂರಾರು, ಒಂದೇ ಹಿಂಡಾಗಿ ಅಂಚಿನ ಕೆಸರು ಮೇಯುತ್ತಿರುತ್ತವೆ. ಮೇಲಿನಿಂದ ಕಾಣುವುದು ಇಷ್ಟೇ: ಒಂದು ಅಂಡಾಕಾರ, ಅದಕ್ಕೊಂದು ಬಾಲ. ಕುತ್ತಿಗೆ ಇಲ್ಲ, ತಲೆ ಮುಗಿದು ಹೊಟ್ಟೆ ಶುರುವಾಗುವ ಗೆರೆ ಇಲ್ಲ. ಅದನ್ನು ನೋಡಿದವನ ಬಾಯಲ್ಲಿ ದುಂಡಗಿನದನ್ನು ಸೂಚಿಸುವ ಪದ ಬಂದರೆ ಅದರಲ್ಲಿ ಅಜ್ಞಾನ ಎಲ್ಲಿದೆ? ತಮಿಳರು ಅದೇ ಮುಂಭಾಗ ನೋಡಿ 'ತಲೈಪ್ಪಿರಟ್ಟೈ' ಎಂದರು. ಅವರಿಗೆ ಕಂಡದ್ದು ತಲೆ. ಇಂಗ್ಲಿಷರಿಗೂ ಕಂಡದ್ದು ತಲೆಯೇ.

ಇಂಗ್ಲಿಷಿನ ಪದಕ್ಕೆ ಸಿಗುವ ವೈಜ್ಞಾನಿಕತೆಯ ಗೌರವ ನನಗೆ ಯಾವತ್ತೂ ಸೋಜಿಗ. ಟ್ಯಾಡ್‌ಪೋಲ್ ಯಾವ ಪ್ರಯೋಗಶಾಲೆಯಲ್ಲೂ ಹುಟ್ಟಿದ್ದಲ್ಲ. ಮಧ್ಯಯುಗದ ಇಂಗ್ಲಿಷ್ ರೈತರ ಆಡುಮಾತು. 'ಟ್ಯಾಡ್' ಅಂದರೆ ನೆಲಗಪ್ಪೆ, ಈಗಿನ 'ಟೋಡ್'. 'ಪೋಲ್' ಅಂದರೆ ತಲೆ. ಚುನಾವಣೆಯ ದಿನ ನಾವು ಸಾಲು ನಿಲ್ಲುವ ಪೋಲಿಂಗ್ ಬೂತಿನಲ್ಲಿರುವುದೂ ಅದೇ ತಲೆ: ತಲೆಯೆಣಿಕೆ. ಅಮೆರಿಕದ ಮಕ್ಕಳು ಹೇಳುವ 'ಪಾಲಿವಾಗ್' ಕೂಡ ತಲೆ ಮತ್ತು ಅಲ್ಲಾಡುವುದು ಎರಡೂ ಸೇರಿ ಆದದ್ದು. ವಿಜ್ಞಾನದ ಪರಿಭಾಷೆ ಬೇಕೆಂದರೆ ಅದು 'ಲಾರ್ವಾ'. ಅದಕ್ಕೂ ಲ್ಯಾಟಿನ್ನಿನಲ್ಲಿ ದೆವ್ವ, ಮುಖವಾಡ ಎಂಬ ಅರ್ಥಗಳಿವೆ. ಅಂದರೆ 'ನೆಲಗಪ್ಪೆತಲೆ' ವೈಜ್ಞಾನಿಕ, 'ಗೊದಮೊಟ್ಟೆ' ಗ್ರಾಮ್ಯ ಎನ್ನುವ ತಾರತಮ್ಯಕ್ಕೆ ಆಧಾರವಾಗಿ ಉಳಿಯುವುದು ಒಂದೇ, ಒಂದು ಪದ ಲಂಡನ್ನಿನಿಂದ ಬಂತು, ಇನ್ನೊಂದು ನಮ್ಮ ಗದ್ದೆಯಿಂದ.

ಆದರೆ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ತೆಲುಗಿನಲ್ಲಿ ಇದು 'ತೋಕಕಪ್ಪ', ಬಾಲದ ಕಪ್ಪೆ. ಮಲಯಾಳದಲ್ಲಿ 'ವಾಲ್‌ಮಾಕ್ರಿ', ಮತ್ತದೇ ಬಾಲದ ಕಪ್ಪೆ. ಬಂಗಾಳಿಯ 'ಬ್ಯಾಂಗಾಚಿ'ಯೊಳಗೆ ಕಪ್ಪೆಯ ಹೆಸರಾದ 'ಬ್ಯಾಂಗ್' ಇದೆ. ನಮ್ಮ ಮಗ್ಗುಲಲ್ಲೇ ಇರುವ ಮರಾಠಿಯಲ್ಲಿ ಜೀವವಿಜ್ಞಾನದ ಪುಸ್ತಕ 'ಭೈಕೇರ್' ಎನ್ನುತ್ತದೆ, ಅದರೊಳಗೆ ಸಂಸ್ಕೃತದ 'ಭೇಕ'. ಲೋಕಲ್ ಟ್ರೈನಿನಲ್ಲಿ ಪಕ್ಕದಲ್ಲಿ ಕೂತವರು 'ಬೇಡಕಾಚಂ ಪಿಲ್ಲೂ' ಅಂದಾರು, ಅಲ್ಲೂ ಕಪ್ಪೆ. ಇಂಗ್ಲಿಷಿನಲ್ಲಿ ನೆಲಗಪ್ಪೆ. ಈ ಎಲ್ಲ ಭಾಷೆಗಳೂ ಆ ಜೀವಿಯನ್ನು ಅದು ಮುಂದೆ ಏನಾಗುತ್ತದೋ ಅದರ ಹೆಸರಿನಿಂದ ಕರೆಯುತ್ತವೆ. ಕನ್ನಡ ಕರೆಯುವುದಿಲ್ಲ. 'ಗೊದಮೊಟ್ಟೆ'ಯಲ್ಲಿ ಕಪ್ಪೆಯ ಸುಳಿವೇ ಇಲ್ಲ. ಗೊತ್ತಿಲ್ಲದವನು ಆ ಪದ ಕೇಳಿ ಕಪ್ಪೆಯನ್ನು ಊಹಿಸಲಾರ. ಇದನ್ನೇ ದೋಷ ಎನ್ನುತ್ತಾರೆ ನನ್ನ ಗೆಳೆಯರು. ನಾನು ಇದನ್ನೇ ಗುಣ ಎನ್ನುತ್ತೇನೆ.

ಕನ್ನಡ ಈ ವಿಷಯದಲ್ಲಿ ಬೇರೆಡೆಯೂ ಹೀಗೇ ನಡೆದುಕೊಂಡಿದೆ. ಕಂಬಳಿಹುಳುವನ್ನು ಯಾರೂ ಚಿಟ್ಟೆಮರಿ ಎನ್ನುವುದಿಲ್ಲ. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ರಾಶಿಯ ಮುಂದೆ ನಿಂತ ರೈತ ಸಾಕಿದ್ದು ರೇಷ್ಮೆಹುಳುವನ್ನು. ಅದು ಪತಂಗದ ಮರಿ ಎಂದು ನೀವು ತಿದ್ದಲು ಹೋದರೆ ಅವನು ನಿಮ್ಮನ್ನು ಕನಿಕರದಿಂದ ನೋಡಿಯಾನು. ನಾಯಿಮರಿ, ಕೋಳಿಮರಿ, ಹಾವಿನ ಮರಿ ಎನ್ನುವಾಗ 'ಮರಿ' ಎಂದರೆ ದೊಡ್ಡದರ ಸಣ್ಣ ಆವೃತ್ತಿ: ಅದೇ ದೇಹ, ಅದೇ ಬಗೆಯ ಬದುಕು, ಅಳತೆ ಮಾತ್ರ ಚಿಕ್ಕದು. ದೇಹವೇ ಬೇರೆಯಾದಾಗ ಕನ್ನಡ 'ಮರಿ'ಯನ್ನು ಕೈಬಿಟ್ಟು ಬೇರೆ ಹೆಸರು ಕೊಡುತ್ತದೆ. ಕಂಬಳಿಹುಳು, ಗೊದಮೊಟ್ಟೆ ಎರಡೂ ಈ ಒಂದೇ ವಿವೇಕದಿಂದ ಬಂದವು. ಒಂದನ್ನು ಒಪ್ಪಿ ಇನ್ನೊಂದನ್ನು ಹಳ್ಳಿಗಾಡಿನದು ಎನ್ನುವವರು ಈ ವ್ಯತ್ಯಾಸಕ್ಕೆ ಕಾರಣ ಕೊಡಬೇಕು. ಇದುವರೆಗೆ ಯಾರೂ ಕೊಟ್ಟಿಲ್ಲ.

ದೇಹ ಎಷ್ಟರ ಮಟ್ಟಿಗೆ ಬೇರೆ? ಮುಂಬಯಿಯ ಮಳೆಗುಂಡಿಗಳಲ್ಲಿ ಸಿಗುವ ಕಿರುಬಾಯಿ ಕಪ್ಪೆಯ, ಅಂದರೆ ಮೈಕ್ರೋಹೈಲಾ ಆರ್ನೇಟಾದ, ಗೊದಮೊಟ್ಟೆ ಗಾಜಿನಷ್ಟು ಪಾರದರ್ಶಕ. ಬಿಳಿ ಬಟ್ಟಲಿಗೆ ನೀರು ಹಾಕಿ ಅದನ್ನು ಬಿಟ್ಟು ಬೆಳಕಿಗೆ ಹಿಡಿದರೆ ಮಿಡಿಯುವ ಹೃದಯ ಕಾಣುತ್ತದೆ, ಸುರುಳಿ ಸುತ್ತಿದ ಕರುಳೂ ಕಾಣುತ್ತದೆ. ಕರುಳು ಅಷ್ಟು ಉದ್ದ ಏಕೆಂದರೆ ಅದರ ಊಟ ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ ಮತ್ತು ಕಣಗಳು. ನೆಲಗಪ್ಪೆಯ ಗೊದಮೊಟ್ಟೆಗಾದರೋ ಕೊಂಬಿನಂಥ ಗಟ್ಟಿ ಕೊಕ್ಕು, ತುಟಿಯ ಮೇಲೆ ಸಾಲುಸಾಲು ಪುಟ್ಟ ಹಲ್ಲು, ಕಲ್ಲಿಗಂಟಿದ ಪಾಚಿ ಕೆರೆಯಲು. ಕಪ್ಪೆಯಾಗುವಾಗ ಈ ಕೊಕ್ಕು ಉದುರುತ್ತದೆ, ಬಾಯಿ ಕಣ್ಣಿನ ಕೆಳಗಿನವರೆಗೆ ಸೀಳಿಕೊಳ್ಳುತ್ತದೆ, ಉದ್ದದ ಕರುಳು ಕುಗ್ಗಿ ಮಾಂಸಾಹಾರಿಯ ಗಿಡ್ಡ ಕರುಳಾಗುತ್ತದೆ, ಕಿವಿರು ಹೋಗಿ ಶ್ವಾಸಕೋಶಕ್ಕೆ ಕೆಲಸ ಬೀಳುತ್ತದೆ. ಈ ರಿಪೇರಿ ನಡೆಯುವಷ್ಟು ದಿನ ಪ್ರಾಣಿ ಏನನ್ನೂ ತಿನ್ನುವುದಿಲ್ಲ. ಬಾಲ ಉದುರುವುದಿಲ್ಲ, ನಮ್ಮಲ್ಲಿ ಹಲವರು ಮಕ್ಕಳಿಗೆ ಹಾಗೆ ಹೇಳಿದರೂ. ಅದು ಒಳಗೇ ಕರಗುತ್ತದೆ, ಉಪವಾಸದ ದಿನಗಳಿಗೆ ಅದೇ ಬುತ್ತಿ. ಇಷ್ಟಕ್ಕೂ ಅಪ್ಪಣೆ ಕೊಡುವುದು ಥೈರಾಯ್ಡ್ ಗ್ರಂಥಿಯ ರಸ. 1912ರಲ್ಲೇ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಥೈರಾಯ್ಡ್ ತಿನ್ನಿಸಿ, ಅವು ಅವಧಿಗೆ ಮುನ್ನವೇ ಪುಟಾಣಿ ಕಪ್ಪೆಗಳಾಗುವುದನ್ನು ತೋರಿಸಿದ್ದರು.

ಗೊದಮೊಟ್ಟೆ ಕಾಯುತ್ತ ಕೂತ ಕಪ್ಪೆಯಲ್ಲ, ಅದಕ್ಕೆ ತನ್ನದೇ ಸಂಸಾರವಿದೆ ಎನ್ನುವುದಕ್ಕೂ ಸಾಕ್ಷಿ ನಮ್ಮಲ್ಲೇ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಕೆ. ಸೈದಾಪುರ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ ನೆಲಗಪ್ಪೆಯ ಗೊದಮೊಟ್ಟೆಗಳು ಒಡಹುಟ್ಟಿದವನ್ನು ಗುರುತಿಸಿ ಅವುಗಳ ಪಕ್ಕಕ್ಕೇ ಸರಿದವು. ಗೂಳಿಗಪ್ಪೆಯ ಗೊದಮೊಟ್ಟೆಯದು ಇದಕ್ಕೆ ತಿರುಗುಮುರುಗು. ಅದು ನೆರೆಹೊರೆಯ ಗೊದಮೊಟ್ಟೆಗಳನ್ನೇ ತಿಂದು ಬೆಳೆಯುತ್ತದೆ.

ವಿಜ್ಞಾನದ ಇತಿಹಾಸದಲ್ಲೇ ಗೊದಮೊಟ್ಟೆ ಮೊದಲು ಬಂದು ಕಪ್ಪೆ ಎಷ್ಟೋ ಕಾಲದ ನಂತರ ಬಂದ ಪ್ರಸಂಗವೊಂದಿದೆ. 2003ರಲ್ಲಿ ಎಸ್.ಡಿ. ಬಿಜು ಮತ್ತು ಫ್ರಾಂಕಿ ಬೊಸೈಟ್ ಕೇರಳದ ಇಡುಕ್ಕಿಯಿಂದ ನೇರಳೆ ಬಣ್ಣದ, ಹಂದಿಮೂತಿಯ ನಾಸಿಕಬಟ್ರಾಕಸ್ ಕಪ್ಪೆಯನ್ನು 'ನೇಚರ್' ಪತ್ರಿಕೆಯಲ್ಲಿ ಲೋಕಕ್ಕೆ ಪರಿಚಯಿಸಿದಾಗ ದೊಡ್ಡ ಸುದ್ದಿಯಾಯಿತು. ಆದರೆ ಅದರ ಗೊದಮೊಟ್ಟೆಯ ವರ್ಣನೆ 1917ರಷ್ಟು ಹಿಂದೆಯೇ ಅಚ್ಚಾಗಿತ್ತು. ಬರೆದವರು ನೆಲ್ಸನ್ ಅನ್ನಂಡೇಲ್ ಮತ್ತು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣರಾವ್, ಮುಂದೆ 1932ರಲ್ಲಿ ಶುರುವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. ರಭಸದ ತೊರೆಯಲ್ಲಿ ಬಂಡೆಗೆ ಬಾಯಿಂದ ಕಚ್ಚಿ ನಿಲ್ಲುವ ಆ ಜೀವಿ ಯಾವ ಕಪ್ಪೆಯದು ಎಂದು ಆಗ ಹೇಳುವವರಿರಲಿಲ್ಲ, ಏಕೆಂದರೆ ಕಪ್ಪೆ ವರ್ಷವಿಡೀ ನೆಲದೊಳಗೇ ಇದ್ದು ಮಳೆಯ ಆರಂಭದಲ್ಲಿ ಮೊಟ್ಟೆಯಿಡಲು ಮಾತ್ರ ಹೊರಬರುತ್ತದೆ. ಅಲ್ಲಿನ ಬುಡಕಟ್ಟಿನವರಿಗಂತೂ ಆ ಗೊದಮೊಟ್ಟೆಗಳು ಊಟದ ಪದಾರ್ಥವೇ ಆಗಿದ್ದವು. 1917ರ ಆ ಪ್ರಾಣಿಯನ್ನು 'ಕಪ್ಪೆಮರಿ' ಎನ್ನಲು ಹೋದರೆ, ಯಾವ ಕಪ್ಪೆಯ ಮರಿ ಎಂಬ ಪ್ರಶ್ನೆಗೆ ಎಂಬತ್ತಾರು ವರ್ಷ ಕಾಯಬೇಕಿತ್ತು. 'ಗೊದಮೊಟ್ಟೆ' ಎನ್ನಲು ಒಂದು ಕ್ಷಣವೂ ಬೇಡ.

ಇಲ್ಲಿ ನನ್ನ ಎದುರಾಳಿಗಳ ಬಲವಾದ ವಾದ ಬರುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಪದ ಕಟ್ಟಿದವರಿಗೆ ಕರುಳಿನ ಉದ್ದವೂ ಗೊತ್ತಿರಲಿಲ್ಲ, ಥೈರಾಯ್ಡೂ ಗೊತ್ತಿರಲಿಲ್ಲ. ಇಂದಿನ ಜೀವವಿಜ್ಞಾನವನ್ನು ಹಿಂದಕ್ಕೆ ಎಳೆದು ಅವರ ಬಾಯಿಗೆ ತುರುಕುತ್ತಿದ್ದೀರಿ ಎಂದು ಅವರು ಹೇಳಬಹುದು. ಹೌದು, ಪದ ಕಟ್ಟಿದವರು ಪ್ರಾಣಿಶಾಸ್ತ್ರಜ್ಞರಲ್ಲ. ಆದರೆ ಪದದ ಹುಟ್ಟು ಒಂದು, ಪದ ಮಾಡುವ ಕೆಲಸ ಇನ್ನೊಂದು. ಹುಟ್ಟು ಆಕಸ್ಮಿಕವೇ ಆಗಿರಲಿ. ಇವತ್ತು ಆ ಪದ ನಮಗೆ ಒಂದು ವಿಂಗಡಣೆಯನ್ನು ಪುಕ್ಕಟೆಯಾಗಿ ಕೊಡುತ್ತಿದೆ, ಅದನ್ನು ಬಿಸಾಡುವವರು ನಷ್ಟದ ಲೆಕ್ಕ ಕೊಡಬೇಕು.

ಆ ನಷ್ಟ ಏನೆಂದು ನೋಡಲು ಆಗಸ್ಟಿನವರೆಗೆ ಕಾದರೆ ಸಾಕು. ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ರಸ್ತೆಯಲ್ಲೋ ಪೊವಾಯಿ ಕೆರೆಯ ದಂಡೆಯಲ್ಲೋ ಬೆರಳುಗುರಿನಷ್ಟಿರುವ ಕಪ್ಪೆಗಳು ಕುಪ್ಪಳಿಸುತ್ತಿರುತ್ತವೆ. ಬಾಲ ಇಲ್ಲ, ನಾಲ್ಕು ಕಾಲಿವೆ, ಹುಳ ಹಿಡಿಯುತ್ತವೆ. ಅಕ್ಷರಶಃ ಕಪ್ಪೆಯ ಸಣ್ಣ ಆವೃತ್ತಿ. ಕನ್ನಡದ 'ಮರಿ' ಬೇಡುವ ಎಲ್ಲ ಲಕ್ಷಣವೂ ಇರುವುದು ಇವಕ್ಕೆ. 'ಕಪ್ಪೆಮರಿ' ಎಂಬುದನ್ನು ಗೊದಮೊಟ್ಟೆಗೇ ಖರ್ಚು ಮಾಡಿಬಿಟ್ಟರೆ ಇವನ್ನು ಏನೆನ್ನಬೇಕು? ಇಂಗ್ಲಿಷಿನಲ್ಲಿ ಇದಕ್ಕೆ 'ಫ್ರಾಗ್ಲೆಟ್' ಇದೆ. ಅದಕ್ಕೆ ಸಮನಾದದ್ದು ಕನ್ನಡದಲ್ಲಿ ಇಲ್ಲವೆಂದು ಅನುವಾದಕರು ಗೋಳಾಡುವುದನ್ನು ಕೇಳಿದ್ದೇನೆ. ಇದೆ ಸ್ವಾಮಿ, ನೀವೇ ಅದನ್ನು ತಪ್ಪು ವಿಳಾಸಕ್ಕೆ ಕಳಿಸಿದ್ದೀರಿ.

ಇದು ಬರೀ ಪದದ ಅಚ್ಚುಕಟ್ಟಿನ ಮಾತಲ್ಲ ಎನ್ನಲು ಮುಂಬಯಿಯ ಹೆಸರು ಹೊತ್ತ ಕಪ್ಪೆಯೇ ಸಾಕ್ಷಿ. ರಾವೋರ್ಕೆಸ್ಟಿಸ್ ಬಾಂಬೆಯೆನ್ಸಿಸ್, ಬಾಂಬೆ ಪೊದೆಗಪ್ಪೆ. ಹೆಸರು ಬಾಂಬೆಯದಾದರೂ 1919ರಲ್ಲಿ ಅನ್ನಂಡೇಲ್ ಇದನ್ನು ವರ್ಣಿಸಿದ್ದು ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನ ಮಾದರಿಯಿಂದ. ಆಗ ಉತ್ತರ ಕನ್ನಡ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತ್ತು. ನಮ್ಮ ಜೋಯಿಡಾ ತಾಲ್ಲೂಕಿನ ಪ್ರಾಣಿ ಮುಂಬಯಿಕರ್ ಆದದ್ದು ಹೀಗೆ. ಇಲ್ಲಿನ ಎಷ್ಟೋ ಕನ್ನಡಿಗರ ಕಥೆಯೂ ಇದೇ ತಾನೇ. 2010ರಲ್ಲಿ ಈ ಬಳಗಕ್ಕೆ 'ರಾವೋರ್ಕೆಸ್ಟಿಸ್' ಎಂಬ ಹೆಸರಿಟ್ಟದ್ದು ಅದೇ ನಾರಾಯಣರಾಯರ ಗೌರವಾರ್ಥ. ಈ ಬಳಗದ ವಿಶೇಷವೇನೆಂದರೆ ಇವಕ್ಕೆ ಗೊದಮೊಟ್ಟೆಯೇ ಇಲ್ಲ. ನೀರಿಗೆ ಹೋಗದೆ ನೆಲದಲ್ಲೋ ಎಲೆಗಳ ನಡುವೆಯೋ ಮೊಟ್ಟೆಯಿಡುತ್ತವೆ, ಬೆಳವಣಿಗೆಯೆಲ್ಲ ಮೊಟ್ಟೆಯೊಳಗೇ ಮುಗಿದು, ಒಡೆದಾಗ ನೇರವಾಗಿ ಪುಟ್ಟ ಕಪ್ಪೆ ಹೊರಬರುತ್ತದೆ. ಈಗ ಎರಡು ಪದಗಳಿರುವ ಕನ್ನಡದಲ್ಲಿ ಹೇಳಿ ನೋಡಿ: ಬಾಂಬೆ ಪೊದೆಗಪ್ಪೆಗೆ ಗೊದಮೊಟ್ಟೆ ಇಲ್ಲ, ಕಪ್ಪೆಮರಿ ಮಾತ್ರ. ಮಗುವಿಗೂ ತಿಳಿಯುವಂಥ ಒಂದು ವಾಕ್ಯ. ಒಂದೇ ಪದವಿರುವ ಕನ್ನಡದಲ್ಲಿ ಇದನ್ನೇ ಹೇಳಲು ಹೊರಟರೆ, ಬಾಂಬೆ ಪೊದೆಗಪ್ಪೆಗೆ ಕಪ್ಪೆಮರಿ ಇಲ್ಲ, ಕಪ್ಪೆಮರಿ ಇದೆ ಎಂದಾಗುತ್ತದೆ.

ಪಠ್ಯಪುಸ್ತಕಗಳ ಆ ಸುಪ್ರಸಿದ್ಧ ವೃತ್ತ, ಮೊಟ್ಟೆ, ಬಾಲದ್ದು, ಕಾಲು ಬಂದದ್ದು, ಕಪ್ಪೆ ಎಂದು ಬಾಣದ ಗುರುತುಗಳೊಂದಿಗೆ ಸುತ್ತುವ ಚಿತ್ರ, ಎಲ್ಲ ಕಪ್ಪೆಗಳಿಗೂ ಅನ್ವಯಿಸುತ್ತದೆ ಎಂದು ನಾವು ನಂಬಿ ಬೆಳೆದಿದ್ದೇವೆ. ಸಹ್ಯಾದ್ರಿಯ ಬುಡದಲ್ಲಿರುವ ಊರಿಗೆ ಆ ಚಿತ್ರ ಸಾಲದು. ಕಪ್ಪೆಯನ್ನು ಮನುಷ್ಯರಂತೆ ನೋಡುವ ಅಭ್ಯಾಸ ನಮ್ಮಲ್ಲಿ ಹಳೆಯದು. ಶೃಂಗೇರಿಯಲ್ಲಿ ತುಂಗೆಯ ದಡದ ಕಪ್ಪೆಶಂಕರ ಇದ್ದಾನೆ. ಹೆರಿಗೆ ನೋವಿನ ಕಪ್ಪೆಗೆ ಹಾವು ಹೆಡೆಯ ನೆರಳು ಹಿಡಿದ ಐತಿಹ್ಯ ಎಲ್ಲರಿಗೂ ಗೊತ್ತು. ಆ ಕಥೆಯ ಸೌಂದರ್ಯ ಅದರ ವೈರಮರೆತ ಕರುಣೆಯಲ್ಲಿದೆ, ಅದನ್ನು ಪ್ರಾಣಿಶಾಸ್ತ್ರದ ಪರೀಕ್ಷೆಗೆ ಕೂರಿಸುವುದು ಅರಸಿಕತನ. ಆದರೆ ಕಪ್ಪೆಯನ್ನು ಬಸುರಿ ಮಾಡಿದ ಅದೇ ಕಲ್ಪನೆ ಗೊದಮೊಟ್ಟೆಯನ್ನು ಮರಿ ಮಾಡುತ್ತದೆ. ಐತಿಹ್ಯದಲ್ಲಿ ಚೆಂದ ಕಾಣುವುದು ವಿಜ್ಞಾನದ ಪಾಠದಲ್ಲಿ ಅಡ್ಡ ಬರುತ್ತದೆ.

ಮುಂಬಯಿ ಕಪ್ಪೆಗಳಿಗಾಗಿ ಮಾಡಿದ್ದು ಸಣ್ಣದಲ್ಲ. 1883ರಲ್ಲಿ ಹುಟ್ಟಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹುಮಾಯೂನ್ ಅಬ್ದುಲಾಲಿ ಕಪ್ಪೆಕಾಲಿನ ರಫ್ತಿನ ವಿರುದ್ಧ ಹಟ ಹಿಡಿದು ಬರೆದರು. 1987ರಲ್ಲಿ ರಫ್ತು ನಿಂತಿತು. ಅವರ ಹೆಸರು ಹೊತ್ತ ಬಾಂಬೆ ಇರುಳುಗಪ್ಪೆ 2016ರಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಮಿಂಚಿತು, ಕಾರಣ ಅದರ ಮಿಲನದ ಹೊಸ ಭಂಗಿ. ಕಾಲು, ಕೂಗು, ಕಾಮ: ಕಪ್ಪೆಯ ವಿಷಯದಲ್ಲಿ ನಮ್ಮ ಆಸಕ್ತಿ ಈ ಮೂರನ್ನು ದಾಟಿದ್ದು ಕಡಿಮೆ. ಗೊದಮೊಟ್ಟೆಗೆ ಮೂರೂ ಇಲ್ಲ. ಎಲೆಯ ಮೇಲಿಟ್ಟ ಮೊಟ್ಟೆಯಿಂದ ತೊರೆಗೆ ಬಿದ್ದು ಬೆಳೆಯುವ ಇರುಳುಗಪ್ಪೆಯ ಗೊದಮೊಟ್ಟೆಯ ಬಗ್ಗೆ ಯಾವ ತಲೆಬರಹವೂ ಬರಲಿಲ್ಲ.

ಮುಂಬಯಿಯ ಮಗುವಿಗೆ ಈ ಪದ ಅಪರಿಚಿತ ಎಂಬ ಮಾತು ಉಳಿಯಿತು. ಅಪರಿಚಿತವೇ. ಅಷ್ಟೇ ಅಪರಿಚಿತ 'ದ್ಯುತಿಸಂಶ್ಲೇಷಣೆ'; ಅದನ್ನು ನಾವು ಒಂದಿಷ್ಟೂ ಅಳುಕಿಲ್ಲದೆ ಕಲಿಸುತ್ತೇವೆ. ಪುಣೆಯ ಬಾಲಭಾರತಿ ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆಂದೇ ಪುಸ್ತಕ ಅಚ್ಚು ಹಾಕುತ್ತದೆ. ಅಕ್ಕಲಕೋಟೆಯ, ಜತ್ತದ, ವಡಾಲದ ಮಕ್ಕಳು ಒಂದೇ ಪುಟ ಓದುತ್ತಾರೆ. ಅವರವರ ಮನೆಯಲ್ಲಿ ಬೇರೆ ಮಾತಿದ್ದರೆ ಅದೂ ಬಾಳಲಿ, ನನ್ನದೇನೂ ತಕರಾರಿಲ್ಲ. ಮಳೆಗಾಲದಲ್ಲಿ ಒಮ್ಮೆ ಗುಂಡಿಯ ಪಕ್ಕ ಕರೆದೊಯ್ದು ತೋರಿಸಿದರೆ ಗೊದಮೊಟ್ಟೆ ಎಂಬ ಮಾತು ಮಗುವಿನ ಬಾಯಿಂದ ಹೋಗುವುದಿಲ್ಲ. ಉಚ್ಚಾರದಲ್ಲೇ ಅದಕ್ಕೊಂದು ಗುಳುಗುಳು ಇದೆ.

ಇಷ್ಟು ಹೇಳಿದ ಮೇಲೆ ನನ್ನ ವಿಂಗಡಣೆಗೇ ತೊಡಕಾಗುವ ಜೀವಿಯೊಂದನ್ನು ಎದುರಿಸಬೇಕು. ಮಾಥೇರಾನ್‌ನ ಮಾದರಿಯಿಂದ ಬೌಲೆಂಜರ್ 1888ರಲ್ಲಿ ಹೆಸರಿಟ್ಟ ಲೀತ್‌ನ ಕಪ್ಪೆ ಇಂಡಿರಾನಾ ಬಳಗದ್ದು. ಈ ಬಳಗದ ಗೊದಮೊಟ್ಟೆಗಳು ಹೊಂಡದಲ್ಲಿರುವುದಿಲ್ಲ. ನೀರು ಜಿನುಗುವ ಬಂಡೆಯ ಮೇಲೆ ಅಂಟಿಕೊಂಡಿರುತ್ತವೆ. ಹಿಂಗಾಲು ಬೇಗನೆ ಬಂದುಬಿಡುತ್ತದೆ, ಬಾಲವೂ ಉದ್ದಕ್ಕಿರುತ್ತದೆ, ಮುಟ್ಟಲು ಹೋದರೆ ಬಂಡೆಯ ಮೇಲೇ ಚಿಮ್ಮುತ್ತವೆ. ಕಾಲೂ ಇದೆ, ನೆಗೆತವೂ ಇದೆ; ಇದು ಮರಿಯೋ ಗೊದಮೊಟ್ಟೆಯೋ? ಕೆನೆತ್ ಗಾಸ್ನರ್ 1960ರಲ್ಲಿ ಕಪ್ಪೆಯ ಬೆಳವಣಿಗೆಯನ್ನು 46 ಹಂತಗಳಾಗಿ ಒಡೆದ. 42ನೆಯ ಹಂತದಲ್ಲಿ ಮುಂಗಾಲು ಚರ್ಮ ಸೀಳಿ ಹೊರಬರುತ್ತದೆ, ಹಳೆಯ ಬಾಯಿ ಕಳಚತೊಡಗುತ್ತದೆ. 46ರಲ್ಲಿ ಬಾಲ ಮುಗಿದಿರುತ್ತದೆ. ಹಾಗಾಗಿ ಹಿಂಗಾಲು ಎಷ್ಟೇ ಉದ್ದವಿರಲಿ, ಮುಂಗಾಲು ಬಾರದೆ ಬಂಡೆ ಕೆರೆದು ತಿನ್ನುತ್ತಿರುವ ತನಕ ಅದು ಗೊದಮೊಟ್ಟೆ. ಬಾಲ ಕರಗಿ ಹುಳಕ್ಕೆ ಬಾಯಿ ಹಾಕಿದ ದಿನದಿಂದ ಕಪ್ಪೆಮರಿ. ನಡುವೆ ಉಳಿಯುವ ಆ ಕೆಲವು ಉಪವಾಸದ ದಿನಗಳಲ್ಲಿ ಅದಕ್ಕೆ ನಾಲ್ಕು ಕಾಲೂ ಇರುತ್ತವೆ, ಬಾಲವೂ ಇರುತ್ತದೆ. ಆ ಅವಧಿಗೆ ಬೇಕಾದರೆ ತೆಲುಗರಿಂದಲೋ ಮಲಯಾಳಿಗಳಿಂದಲೋ ಸಾಲ ತಂದು 'ಬಾಲಗಪ್ಪೆ' ಎನ್ನೋಣ.